ಅಯ್ಯನವರಿಗೆ ತೋಡಿದ ಅಡ್ಡ ಕುಣಿ

ಸತ್ತವರಿಗೆ ಏನೂ ತ್ರಾಸಿಲ್ಲ. ತ್ರಾಸೆಲ್ಲ ಉಳಿದವರಿಗೆ. ನಮ್ಮ ಅಯ್ಯನವರು ಬೆಳಿಗ್ಗೆ ಚಹಾ ಕುಡಿದು, ಕಪ್ಪುಬಸಿ ಕೆಳಗಿಟ್ಟು, ಎದೆ ಒತ್ತಿಕೊಂಡು ಗೋಡೆಗೆ ಒರಗಿದರು. ಡಾಕ್ಟರು ಬಂದು ಕಣ್ಣರೆಪ್ಪೆ ಎತ್ತಿ ನೋಡಿ ಮುಗಿಯಿತು ಎಂದರು. ಅಲ್ಲಿಂದ ಮಣ್ಣು ಮುಚ್ಚುವ ತನಕ ಒಬ್ಬರಾದರೂ ಒಂದು ಕೆಲಸವನ್ನು ನೆಟ್ಟಗೆ ಮಾಡಿದ್ದನ್ನು ನಾನು ಕಾಣೆ.

ಅಯ್ಯನವರೆಂದರೆ ನಮ್ಮ ಪಾದ್ರಿಗಳು. ಕೇರಳದ ಕಡೆಯವರು. ದೇವರ ಸೇವೆ ಎಂದು ಗಂಡ ಹೆಂಡತಿ ಸುರಪುರಕ್ಕೆ ಬಂದು, ಊರಲ್ಲಿ ಬೇರೆ ಮನೆಯೇ ಇಲ್ಲದವರ ಹಾಗೆ ಮುಸಲ್ಮಾನರ ಓಣಿಯ ನಟ್ಟನಡುವೆ ಬಾಡಿಗೆ ಹಿಡಿದಿದ್ದರು. ಮಕ್ಕಳಿಲ್ಲ. ನಾನು ಕೆಂಭಾವಿಯವಳು, ಹುಟ್ಟಿನಿಂದ ಕ್ರೈಸ್ತಳೇ. ಗಂಡ ಹೋದ ಮೇಲೆ ಯಾದಗಿರಿಯ ಚರ್ಚಿನ ಸಭೆಯವರು ನನ್ನನ್ನು ಇವರ ಮನೆಯಲ್ಲಿ ರೊಟ್ಟಿ ಬಡಿಯಲು ಹಚ್ಚಿದರು. ರೊಟ್ಟಿ ಬಡಿದದ್ದಕ್ಕಿಂತ ಬಾಯಿ ಬಡಿದುಕೊಂಡದ್ದೇ ಹೆಚ್ಚು. ಇಬ್ಬರೂ ಪುಸ್ತಕದ ಕನ್ನಡ ಕಲಿತು ಬಂದಿದ್ದರು. ಸಂತೆಯಲ್ಲಿ ಬದನೆಕಾಯಿಯವಳಿಗೆ “ದಯವಿಟ್ಟು” ಎನ್ನುತ್ತಿದ್ದರು. ಆಕೆ ಇವರಿಗೆ ಹುಳುಕು ಕಾಯಿಯನ್ನೇ ಆರಿಸಿ ಹಾಕುತ್ತಿದ್ದಳು.

ಅವರು ಬಂದ ಹೊಸದರಲ್ಲಿ ಪಕ್ಕದ ಮನೆಯ ಖಾಲಾನ ಗಂಡ ಸತ್ತ. ಆಕೆಯನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತದೆ. ನನಗಿಂತ ಹಿರಿಯಳು, ನನಗಿಂತ ಬಾಯಿ ಜೋರು. ಆಕೆಯ ಮಗ ಗೌಂಡಿ. ಗೋಡೆ ಕಟ್ಟುತ್ತಾನೆ, ಓಣಿಯಲ್ಲಿ ಯಾರಾದರೂ ಸತ್ತರೆ ಕುಣಿಯನ್ನೂ ಅವನೇ ತೋಡುತ್ತಾನೆ. ಮಸೀದಿಯ ಮೈಕಿನಲ್ಲಿ ಸುದ್ದಿ ಕೂಗಿದರು. ಗಂಡಸರು ಟೋಪಿ ಹಾಕಿಕೊಂಡು ಬಂದರು. ಆಚೆ ಕೇರಿಯ ಕುರುಬರೂ ಬಂದು ಕಟ್ಟೆಯ ಮೇಲೆ ಕೂತರು. ನಮ್ಮವರು ಬಾಗಿಲು ಹಾಕಿಕೊಂಡು ಒಳಗೆ ಕೂತರು.

“ಅಯ್ಯನವರ, ಬಾಜೂ ಮನ್ಯಾಗ ಹೆಣಾ ಐತಿ. ನೀವು ಬಾಗಲಾ ಹಾಕ್ಕೊಂಡು ಕುಂತೀರಲ್ರಿ?” ಎಂದೆ.

“ಅವರು ದುಃಖದಲ್ಲಿದ್ದಾರೆ ಅಜ್ಜಿ. ಈಗ ಹೋಗಿ ತೊಂದರೆ ಕೊಡಬಾರದು. ನಾಳೆ ಹೋಗೋಣ.”

“ಸತ್ತ ಮನಿಗೆ ಮುಹೂರ್ತ ನೋಡಿ ಹೋಗ್ತಾರೇನ್ರಿ? ಲಗ್ನಾ ಅಂತ ತಿಳಿದೀರೇನು?”

ಕೇಳಲಿಲ್ಲ. ಮರುದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬಿಳಿ ಹೂವಿನ ಗುಚ್ಛ ಹಿಡಿದುಕೊಂಡು ಹೋದರು. ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಪುನರುತ್ಥಾನದ ಮೇಲೆ ಉದ್ದನೆಯ ಪ್ರಾರ್ಥನೆ ಮಾಡಿದರು. ಗೌಂಡಿ ತಲೆ ತಗ್ಗಿಸಿಕೊಂಡು ಆಮೆನ್ ಬರುವ ತನಕ ಕಾದ. ಆಮೇಲೆ ಹೇಳಿದ.

“ದುವಾ ಚಲೋ ಇತ್ತು ಪಾದ್ರಿ ಸಾಬ್. ಆದ್ರ ನಿನ್ನಿ ಜನಾಜಾ ಎತ್ತಿದಾಗ ನೀವು ಬಾಗಲಾ ಹಾಕ್ಕೊಂಡಿದ್ರಿ. ನಮ್ಮಪ್ಪ ನಿಮ್ಮ ಮನಿ ಗ್ವಾಡಿ ಸವರ್ಕೊಂಡ ಹೋದ.”

ಅಯ್ಯನವರ ಮುಖ ಸುಣ್ಣದ ಹಾಗಾಯಿತು. ಮನೆಗೆ ಬಂದು ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. ನಾನು ಮಾಡಿದ್ದು ಎಮ್ಮೆಯ ಪಾಲಾಯಿತು.

ಅಲ್ಲಿಂದ ಮುಂದೆ ಅವರಿಗೆ ಇನ್ನೊಂದು ಹುಚ್ಚು ಹಿಡಿಯಿತು. ಓಣಿಯಲ್ಲಿ ಯಾರೇ ಸಾಯಲಿ, ಮೈಕಿನ ಸದ್ದು ನಿಲ್ಲುವ ಮೊದಲೇ ತಲೆಗೆ ಕರವಸ್ತ್ರ ಕಟ್ಟಿಕೊಂಡು ಹೊರಗೆ. ಹೆಗಲು ಕೊಡುವುದು, ನಮಾಜಿನ ಹೊತ್ತಿಗೆ ದೂರ ನಿಲ್ಲುವುದು, ಕೊನೆಗೆ ಮೂರು ಹಿಡಿ ಮಣ್ಣು ಹಾಕಿ ಬರುವುದು. ಬಾಯಿ ಬಿಟ್ಟು ಒಂದು ಮಾತಿಲ್ಲ. ಅಮ್ಮನವರು, ಅಂದರೆ ಅವರ ಹೆಂಡತಿ, ಹೆಂಗಸರ ನಡುವೆ ಸುಮ್ಮನೆ ಹೋಗಿ ಕೂತುಬಿಡುತ್ತಿದ್ದರು. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ಸುತ್ತಲಿನ ಮನೆಯವರೇ ಉಣ್ಣಲು ಕಳಿಸಬೇಕು. ಪುಣ್ಯ ಅವರಿಬ್ಬರಿಗೆ, ರೊಟ್ಟಿ ಬಡಿಯುವ ಕೈ ನನ್ನದು.

ಯಾದಗಿರಿಯ ಸಭೆಯ ಹಿರಿಯರೊಬ್ಬರಿದ್ದಾರೆ, ರಿಟೈರಾದ ಮಾಸ್ತರರು. ಒಮ್ಮೆ ಬಂದಾಗ ನನ್ನ ಎದುರಿಗೇ ಬೈದರು. “ಇಷ್ಟು ವರ್ಷ ಆತಲ್ರಿ ಅಯ್ಯನವರ. ಒಬ್ಬರರೆ ನಮ್ಮ ಸಭಾಕ್ಕ ಬಂದಾರೇನು? ಬರೇ ಹೆಣಾ ಹೊರೂದ ಆತು ನಿಮ್ಮ ಸೇವಾ.”

ಅಯ್ಯನವರು ನಕ್ಕು ಚಹಾ ಕೊಟ್ಟರು. ಮಾಸ್ತರರ ಮಾತು ಸುಳ್ಳಲ್ಲ. ಒಬ್ಬರೂ ಬಂದಿರಲಿಲ್ಲ. ಬದಲಿಗೆ ಖಾಲಾನೇ ನನ್ನನ್ನು ತನ್ನ ಧರ್ಮಕ್ಕೆ ಎಳೆಯಲು ನೋಡುತ್ತಿದ್ದಳು. “ಏ ಬುಡ್ಡೀ, ಸಾಯೂದ್ರಾಗ ಒಮ್ಮೆ ಕಲಮಾ ಹೇಳಿಬಿಡು, ಜನ್ನತ್‌ನ್ಯಾಗ ನನ್ನ ಬಾಜೂ ಜಾಗಾ ಹಿಡಿದಿಡ್ತೀನಿ” ಎನ್ನುತ್ತಿದ್ದಳು. ಅಲ್ಲಿಯೂ ನಿನ್ನ ಬಾಜೂ ಇರುವುದಾದರೆ ನನಗೆ ಆ ಜಾಗವೇ ಬೇಡ ಎಂದಿದ್ದೆ.

ಅಯ್ಯನವರು ಹೋದ ದಿನಕ್ಕೆ ಬರುತ್ತೇನೆ.

ಸುದ್ದಿ ತಿಳಿದದ್ದೇ ತಡ, ಖಾಲಾ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಒಳಗೆ ಬಂದಳು. ನನ್ನ ಒಲೆಯ ಮೇಲಿದ್ದ ಅನ್ನಕ್ಕೆ ನೀರು ಸುರಿದು ಬೆಂಕಿ ಆರಿಸಿದಳು. ಅರ್ಧ ಬೆಂದ ಅಕ್ಕಿ. ನಾನು ನೋಡುತ್ತಾ ನಿಂತೆ. ಅಮ್ಮನವರು ಗಂಡನ ಕಾಲ ಬಳಿ ಕೂತಿದ್ದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಹೆಂಗಸರಿಗೆ ಅದು ಭಯವಾಯಿತು.

“ಅಳು ಬೇಟೀ, ಜೋರಾಗಿ ಅಳು. ಒಳಗ ಇಟ್ಕೊಂಡ್ರ ಕಲೇಜಾ ಒಡೀತೈತಿ” ಎಂದು ಖಾಲಾ ಆಕೆಯ ಭುಜ ಹಿಡಿದು ಅಲ್ಲಾಡಿಸಿದಳು. ಒಬ್ಬಳು ತೋಳು ಚಿವುಟಿದಳು.

ನಮ್ಮ ಸಭೆಯವರು ಸುರಪುರದಲ್ಲಿ ಇರುವುದೇ ನಾಲ್ಕೈದು ಮನೆ. ಅವರೂ ಬಂದರು. ಅವರು ಶುರು ಮಾಡಿದರು, “ಅಳಬಾರ್ದ್ರಿ ಅಮ್ಮನವರ. ಅಯ್ಯನವರು ಕರ್ತನ ಹತ್ರ ಹೋಗ್ಯಾರ. ಮಂದಿ ಮುಂದ ನಿಮ್ಮ ನಂಬಿಕಿ ಸಾಕ್ಷಿ ಕೆಡಬಾರ್ದು.”

ಒಂದು ಕಡೆಯವರು ಅಳು ಎನ್ನುತ್ತಾರೆ, ಇನ್ನೊಂದು ಕಡೆಯವರು ಅಳಬೇಡ ಎನ್ನುತ್ತಾರೆ. ಬೆಳಗಿನಿಂದ ಆ ಹೆಂಗಸಿನ ಬಾಯಿಗೆ ಒಂದು ಗುಟುಕು ನೀರು ಹಾಕಿದವರಿಲ್ಲ. ನಾನು ಎಲ್ಲರನ್ನೂ ಸರಿಸಿ ತಂಬಿಗೆ ಹಿಡಿದೆ. ಕುಡಿದರು. ಕುಡಿದು ನನಗೆ ಹೇಳಿದ್ದು ಒಂದೇ ಮಾತು.

“ಅಜ್ಜಿ, ಇವರನ್ನು ಇಲ್ಲೇ ಮಣ್ಣು ಮಾಡಬೇಕು. ಇವತ್ತೇ.”

ಯಾಕೆ ಅವಸರವೆಂದು ಆಗ ನನಗೆ ಗೊತ್ತಾಗಲಿಲ್ಲ. ಫೋನು ಬಂದ ಮೇಲೆ ಗೊತ್ತಾಯಿತು. ಅಯ್ಯನವರ ಅಣ್ಣ ಕೇರಳದಿಂದ ಮಾಡಿದ್ದ. ಅಮ್ಮನವರು ಅವರ ಭಾಷೆಯಲ್ಲಿ ಬೇಡ ಬೇಡ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಆತ ಕೇಳಲಿಲ್ಲ. ಮನೆತನದ ಜಾಗದಲ್ಲೇ ಮಣ್ಣಾಗಬೇಕು, ಕಲಬುರಗಿಯಿಂದ ಆಂಬುಲೆನ್ಸ್ ಹೊರಡಿಸಿದ್ದೇನೆ, ಹೆಣ ಹತ್ತಿಸಿ ನೀನೂ ಹತ್ತು ಎಂದನಂತೆ.

“ಅವರನ್ನು ಒಯ್ದರೆ ನನ್ನನ್ನೂ ಪೆಟ್ಟಿಗೆಯ ಜೊತೆಯಲ್ಲೇ ಒಯ್ಯುತ್ತಾರೆ ಅಜ್ಜಿ” ಎಂದರು ಅಮ್ಮನವರು. “ಆಮೇಲೆ ಆ ಮನೆಯಿಂದ ನನ್ನನ್ನು ಹೊರಗೆ ಬಿಡುವುದಿಲ್ಲ. ನಮ್ಮಿಬ್ಬರ ಬದುಕೆಲ್ಲ ಇಲ್ಲಿದೆ.”

ಏನು ಬದುಕೋ. ಒಂದು ಸೋರುವ ಮಾಳಿಗೆ, ಎರಡು ಟ್ರಂಕು. ಆದರೂ ಅದು ಆಕೆಯದು. ನಾನು ಯಾದಗಿರಿಯ ಮಾಸ್ತರರಿಗೆ ಫೋನು ಹಚ್ಚಿಸಿ, “ಮಾಸ್ತರ್ರ, ಪೆಟಿಗಿ ತೊಗೊಂಡು ಲಗೂನ ಬರ್ರಿ, ಗಾಡಿ ಬರೂದ್ರಾಗ ಮಣ್ಣಾಗಬೇಕು” ಎಂದೆ. ಅವರು ಬಂದೆ ಬಂದೆ ಎಂದರು. ಶಹಾಪುರದಲ್ಲಿ ಬಡಿಗೇರನ ಹತ್ತಿರ ಪೆಟ್ಟಿಗೆ ಮಾಡಿಸಲು ನಿಂತರು. ಮಾಡುವುದು ಮಾಡುತ್ತೇವೆ, ಚೆಂದಾಗಿ ಮಾಡೋಣ ಎಂದು ಮೂಲೆಗೆಲ್ಲ ಹೂಬಳ್ಳಿ ಕೆತ್ತಿದ ಅಗಲ ಪೆಟ್ಟಿಗೆ. ಪಾಲಿಶ್ ಆರುವ ತನಕ ಕಾದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಮ್ಮವರ ಸಮಾಧಿ ಜಾಗ ಗುಡ್ಡದ ಬುಡದಲ್ಲಿದೆ, ಮುಸಲ್ಮಾನರ ಕಬರಸ್ತಾನಕ್ಕೆ ಹತ್ತಿಕೊಂಡು. ನಡುವೆ ಒಂದು ಮೋಟು ಗೋಡೆ. ನಮ್ಮಲ್ಲಿ ಕುಣಿ ತೋಡುತ್ತಿದ್ದವನು ಮುದುಕನಾಗಿ ಹಾಸಿಗೆ ಹಿಡಿದಿದ್ದ. ಮಾಸ್ತರರು ದಾರಿಯಿಂದಲೇ ಗೌಂಡಿಗೆ ಫೋನು ಮಾಡಿ “ಒಂದು ಕುಣಿ ತೋಡಿಡಪಾ” ಎಂದಷ್ಟೇ ಹೇಳಿದ್ದರು. ಹೆಂಗೆ ತೋಡಬೇಕು, ಯಾವ ಕಡೆ ತೋಡಬೇಕು, ಒಂದು ಮಾತಿಲ್ಲ. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವರು.

ಕಡೆಗೆ ಮಾಸ್ತರರು ಬಂದು ಅಯ್ಯನವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮೊಳೆ ಹೊಡೆಸಿದರು. ನಾವು ಹೊರಡುವಾಗ ಮತ್ತೊಂದು ತಕರಾರು. ಪೆಟ್ಟಿಗೆ ಎತ್ತಿದರು, ಓಣಿಯ ಗಂಡಸರು ಸಾಲು ಹಿಡಿದು ಹೆಗಲು ಬದಲಿಸುತ್ತಾ ನಡೆದರು. ಅಮ್ಮನವರು ಹಿಂದೆ ಹೆಜ್ಜೆ ಇಟ್ಟರು. ಖಾಲಾ ಬಾಗಿಲಲ್ಲಿ ಅಡ್ಡ ನಿಂತಳು.

“ಎಲ್ಲಿಗಿ? ಹೆಣ್ಮಕ್ಕಳು ಕಬರಸ್ತಾನಕ್ಕ ಹೋಗಬಾರ್ದು. ಗಂಡಾ ಸತ್ತಾಕಿ ಹೊಸ್ತಿಲಾ ದಾಟಬಾರ್ದು.”

“ನಮ್ಮಾಗ ಹೋಗ್ತಾರ ಖಾಲಾ. ದಾರಿ ಬಿಡು.”

“ನಿಮ್ಮಾಗ ಎಲ್ಲಾ ನಡೀತೈತಿ. ಏ ಬುಡ್ಡೀ, ನಿನಗರೆ ಅಕಲ್ ಬ್ಯಾಡೇನು? ಬಿಸಲಾಗ ಬಿದ್ದಗಿದ್ದಾಳು ಈಕಿ.”

“ಬಿದ್ರ ನಾ ಎತ್ತತೀನಿ. ನೀ ಸರಿ.”

“ನಿನ್ನ ಎತ್ತಾಕ ಮತ್ತ ನಾಕು ಮಂದಿ ಬೇಕು” ಎಂದಳು. ಅಷ್ಟು ಹೊತ್ತಿನಲ್ಲೂ ಅವಳ ನಾಲಿಗೆ ನಿಲ್ಲಲಿಲ್ಲ. ಕಡೆಗೆ ಬೈದುಕೊಳ್ಳುತ್ತಲೇ ತನ್ನ ಓಢಣಿ ತೆಗೆದು ಅಮ್ಮನವರ ತಲೆಗೆ ಹೊದಿಸಿ ದಾರಿ ಬಿಟ್ಟಳು.

ಸಮಾಧಿ ಜಾಗಕ್ಕೆ ಹೋಗಿ ನೋಡಿದರೆ ಕುಣಿ ಅಡ್ಡ ಇದೆ.

ನಮ್ಮಲ್ಲಿ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ ಇಟ್ಟು ಮಲಗಿಸುತ್ತಾರೆ, ಕರ್ತನು ಬರುವಾಗ ಮೂಡಣಕ್ಕೆ ಮುಖ ಮಾಡಿ ಏಳಲಿ ಎಂದು. ಮುಸಲ್ಮಾನರದು ತೆಂಕು-ಬಡಗು, ಮಲಗಿಸಿ ಮುಖವನ್ನು ಪಡುವಣಕ್ಕೆ, ಮಕ್ಕಾದ ಕಡೆಗೆ, ಹೊರಳಿಸುತ್ತಾರೆ, ಆ ದಿಕ್ಕಿಗೆ ಅವರು ಕಿಬಲಾ ಎನ್ನುತ್ತಾರೆ. ಗೌಂಡಿ ತನಗೆ ಗೊತ್ತಿದ್ದ ಹಾಗೆ ತೋಡಿದ್ದ. ಅಷ್ಟೇ ಅಲ್ಲ. ಅವರದು ಮೇಲೆ ಅಗಲ, ಕೆಳಗೆ ಒಬ್ಬ ಮನುಷ್ಯ ಹಿಡಿಯುವಷ್ಟೇ ಸಣ್ಣ ಗುಳಿ. ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಆ ಗುಳಿಯಲ್ಲಿಟ್ಟು, ಮೇಲೆ ಚಪ್ಪಟೆ ಪರಸಿ ಕಲ್ಲು ಹೊಂದಿಸಿ, ಆಮೇಲೆ ಮಣ್ಣು. ಪೆಟ್ಟಿಗೆಯ ಮಾತೇ ಇಲ್ಲ. ಅಂಚುಗಳು ಗೋಡೆಗೆ ಗಾರೆ ಗಿಲಾಯಿ ಮಾಡಿದ ಹಾಗೆ ನೆಟ್ಟಗೆ ಇದ್ದವು. ಶಹಾಬಾದಿನ ಕಲ್ಲುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದ. ಬೆಳಗಿನಿಂದ ಕಲ್ಲುನೆಲದಲ್ಲಿ ಹಾರೆ ಹೊಡೆದು ಅವನ ಅಂಗೈ ಬೊಬ್ಬೆ ಎದ್ದಿತ್ತು.

ಮಾಸ್ತರರು ನೋಡಿ ತಲೆ ಹಿಡಿದುಕೊಂಡರು. “ಏನ ಮಾಡೀಯೋ ಮಾರಾಯಾ! ಇದು ಅಡ್ಡ ಆತು.”

“ಅಡ್ಡ ಹೆಂಗಾತ್ರಿ? ಕಿಬಲಾಕ್ಕ ಸರಿಯಾಗಿ ಐತಿ. ದಾರಾ ಹಿಡದ ತೋಡೇನಿ.”

“ನಮ್ಮ ಅಯ್ಯನವರಿಗಿ ಕಿಬಲಾ ಯಾತಕೋ? ಮೂಡಣಕ್ಕ ಕಾಲ ಇರಬೇಕು.”

“ಅದನ್ನ ಫೋನ್‌ನ್ಯಾಗ ಹೇಳಬೇಕಿತ್ತಲ್ರಿ. ನಮ್ಮಪ್ಪನ ಕುಣಿಗಿಂತ ಚಂದ ತೋಡೇನಿ ಇದನ್ನ.”

ಪೆಟ್ಟಿಗೆ ಇಳಿಸಿ ನೋಡಿದರು. ಸೊಂಟದಷ್ಟು ಆಳದಲ್ಲಿ ಅಂಚಿನ ಮೇಲೆ ಕೂತಿತು, ಕಟ್ಟೆಯ ಮೇಲೆ ಗಡಿಗೆ ಇಟ್ಟ ಹಾಗೆ. ಹೂಬಳ್ಳಿ ಕೆತ್ತಿದ ಅಗಲ ಪೆಟ್ಟಿಗೆ ಒಳಗುಳಿಯಲ್ಲಿ ಹೇಗೆ ಇಳಿಯಬೇಕು? ಮತ್ತೆ ಮೇಲಕ್ಕೆ ಎಳೆದರು. ಒಂದು ಮೂಲೆಯ ಪಾಲಿಶ್ ಕಿತ್ತು ಹೋಯಿತು. ಮಾಸ್ತರರು ಅದಕ್ಕೂ ಚುಚ್ ಎಂದರು.

“ಇಷ್ಟು ಮ್ಯಾಲ ಇಟ್ರ ನಾಯಿ ಕೆದರತಾವು. ಹೊಸಾದು ತೋಡಬೇಕು” ಎಂದರು.

“ಇದು ಗುಡ್ಡದ ಬುಡಾ ಐತ್ರಿ, ಹೊಲದ ಕರಿಮಣ್ಣಲ್ಲ. ಸಂಜಿತನ ಆಗಂಗಿಲ್ಲ” ಎಂದ ಗೌಂಡಿ.

ಮಾಸ್ತರರು ಗಡಿಯಾರ ನೋಡಿಕೊಂಡರು. ಅವರ ಕಿಸೆಯಲ್ಲಿ ಫೋನು ಕುಣಿಯುತ್ತಿತ್ತು. ಅಯ್ಯನವರ ಅಣ್ಣನದೇ. ಮಾತಾಡಿ ಬಂದು, ದನಿ ಇಳಿಸಿ ಅಮ್ಮನವರಿಗೆ ಹೇಳಿದರು, “ಗಾಡಿ ಶಹಾಪುರ ದಾಟೇತಂತ್ರಿ. ದೇವರ ಚಿತ್ತಾ ಹಿಂಗ ಇದ್ದಂಗ ಕಾಣತೈತಿ. ಕುಣಿನೂ ಸರಿ ಆಗಿಲ್ಲ. ಕೇರಳಕ್ಕ ಕಳಸಿಬಿಡೂಣು. ಅಲ್ಲೆ ಸಂಪ್ರದಾಯದ ಪ್ರಕಾರ ಆಗತೈತಿ.”

ತಾವು ಒಂದು ಮಾತು ಹೇಳದೆ ಕೆಡಿಸಿದ್ದನ್ನು ದೇವರ ಚಿತ್ತದ ಮೇಲೆ ಹಾಕಿದರು. ನನಗೆ ತಡೆಯಲಾಗಲಿಲ್ಲ.

“ಮಾಸ್ತರ್ರ, ಏಳೂದೇನೋ ಅಯ್ಯನವರು ಏಳ್ತಾರ ಅಂತ ನೀವ ಹೇಳ್ತೀರಿ. ಎದ್ದ ಮ್ಯಾಲ ಒಂದೀಟು ಹೊರಳಿ ನೋಡಾಕ ಬರಂಗಿಲ್ಲೇನು? ಅಷ್ಟೂ ಮಾಡಾಕ ಆಗದವರಿಗಿ ಏಳೂದರ ಹೆಂಗ ಆಗತೈತಿ?”

“ನೀ ಸುಮ್ಮನಿರು. ನಿನಗೇನ ತಿಳೀತೈತಿ?”

“ನನಗ ಬಿಸಲ ತಿಳೀತೈತಿ. ಹೆಣಾ ಬಿಸಲಾಗ ಐತಿ.”

ನಮ್ಮ ಸಭೆಯವರು ಒಂದು ಕಡೆ ಗುಂಪಾಗಿ ಪಿಸುಗುಡುತ್ತಿದ್ದರು. ಓಣಿಯ ಗಂಡಸರು ಮೋಟು ಗೋಡೆಯ ಮೇಲೆ ಕೂತು ಬಾಯಿ ಹಾಕದೆ ನೋಡುತ್ತಿದ್ದರು. ಅಮ್ಮನವರು ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳದ ಮೇಲೆ ಕೈ ಇಟ್ಟರು. ನಾನು ಇನ್ನೇನು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

“ಪೆಟ್ಟಿಗೆ ಬೇಡ” ಎಂದರು. “ಮುಚ್ಚಳ ತೆಗೆಯಿರಿ. ಇವರನ್ನು ಹಾಗೇ ಇಳಿಸಿ.”

“ಅಮ್ಮನವರ!” ಎಂದರು ಮಾಸ್ತರರು. “ಅರಿವ್ಯಾಗ ಸುತ್ತಿ ಹುಗದ್ರ ನಾಳಿ ಮಂದಿ ಏನಂತಾರ? ಅಯ್ಯನವರು ಕಡಿಗಿ ಮುಸಲ್ಮಾನ ಆದ್ರು ಅಂತಾರ. ಸಭಾದ ಮಾನಾ ಏನಾಗಬೇಕು?”

“ಯೇಸುಸ್ವಾಮಿಯನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರೇ, ಮಾಸ್ತರರೇ?”

ಮಾಸ್ತರರ ಉತ್ತರಕ್ಕೆ ಕಾಯಲು ನಮ್ಮಲ್ಲಿ ಹೊತ್ತಿರಲಿಲ್ಲ. ಗೌಂಡಿ ಉಳಿ ತಂದು ಮೊಳೆ ಎಬ್ಬಿಸಿದ. ಆಮೇಲೆ ಅವನೇ ನಿಂತು ಅಮ್ಮನವರ ಕಡೆ ನೋಡದೆ ಕೇಳಿದ, “ಮಾರಿ ಯಾವ ಕಡಿ ಮಾಡ್ಲಿರಿ ಮೇಡಂ? ನಮ್ಮಂಗ ಪಡುವಣಕ್ಕ ಹೊರಳಿಸೂದು ನಿಮಗ ನಡಿಯಂಗಿಲ್ಲ.”

ಮಾಸ್ತರರು ಮೂಡಣಕ್ಕೆ ಎಂದರು. ಹಾಗೆ ಹೊರಳಿಸಿದರೆ ಕಿಬಲಾಕ್ಕೆ ಬೆನ್ನು ಮಾಡಿದಂತೆ ಆಗುತ್ತದೆ ಎಂದು ಗೋಡೆಯ ಮೇಲಿನವರಲ್ಲಿ ಒಬ್ಬ ಗೊಣಗಿದ. ಮತ್ತೆ ಶುರುವಾಯಿತು ಎಂದುಕೊಂಡೆ. ಅಷ್ಟರಲ್ಲಿ ಗೌಂಡಿ ತಾನೇ ಹೇಳಿದ, “ಅಂಗಾತ ಮಲಗಸ್ತೀನಿ. ಮಾರಿ ಮ್ಯಾಲಕ ಇರ್ಲಿ. ಅದಕ್ಕ ಯಾರ ಜಗಳಾನೂ ಇಲ್ಲ.”

ಅಮ್ಮನವರು ಹೂಂ ಎಂದರು.

ಇನ್ನು ಕುಣಿಯೊಳಗೆ ಇಳಿದು ಹೆಣ ಈಸಿಕೊಳ್ಳಬೇಕು. ಇಳಿಯುವುದು ರಕ್ತಸಂಬಂಧಿಯ ಕೆಲಸ. ಅಯ್ಯನವರಿಗೆ ಮಗನಿಲ್ಲ, ತಮ್ಮನಿಲ್ಲ, ಅಣ್ಣ ಕೇರಳದಲ್ಲಿ. ಮಾಸ್ತರರು ಮೊಣಕಾಲು ತೋರಿಸಿದರು. ನಮ್ಮವರಲ್ಲಿ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರದೂ ಬಿಳಿ ಅಂಗಿ, ತೊಳೆದ ಪ್ಯಾಂಟು. ಬೈಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗೌಂಡಿ ಚಪ್ಪಲಿ ಬಿಟ್ಟು ಕೆಳಗೆ ಜಿಗಿದಾಗಿತ್ತು. ಗೋಡೆಯ ಮೇಲಿನಿಂದ ಇನ್ನೊಬ್ಬ ಇಳಿದು ಬಂದ. ಪೆಟ್ಟಿಗೆಯೊಳಗೆ ಹಾಸಿದ್ದ ಬಿಳಿ ಚಾದರದಲ್ಲಿ ಅಯ್ಯನವರನ್ನು ಸುತ್ತಿ, ನಾಲ್ಕು ಮೂಲೆ ಹಿಡಿದು ಕೆಳಗೆ ಬಿಟ್ಟರು. ಅವರು ತೆಳ್ಳಗಿದ್ದರು. ಗುಳಿಗೆ ಅಳತೆ ಮಾಡಿಸಿದ ಹಾಗೆ ಹೊಂದಿದರು. ಗೌಂಡಿ ಅವರ ತಲೆಯ ಕೆಳಗೆ ಒಂದು ಹಿಡಿ ಮೆತ್ತನೆಯ ಮಣ್ಣು ಒತ್ತಿ ನೆಟ್ಟಗೆ ಮಾಡಿ, ಒಂದೊಂದೇ ಪರಸಿ ಕಲ್ಲು ಹೊಂದಿಸಿದ.

ಮಾಸ್ತರರು ಬೈಬಲ್ ತೆರೆದರು. ಒಂದೇ ಸಾಲನ್ನು ಎರಡು ಸಲ ಓದಿದರು. ಪೆಟ್ಟಿಗೆಯ ಚಿಂತೆಯಲ್ಲಿದ್ದರೋ ಅಯ್ಯನವರ ಚಿಂತೆಯಲ್ಲಿದ್ದರೋ ನಾನು ಹೇಳಲಾರೆ. ಅವರು ಓದುವ ತನಕ ಓಣಿಯವರು ಗೋಡೆಯ ಆಚೆ ನಿಂತಿದ್ದರು. ಓದು ಮುಗಿದದ್ದೇ ತಡ, ಈಚೆ ಬಂದು ಸಾಲು ಹಿಡಿದು ಮೂರು ಮೂರು ಹಿಡಿ ಮಣ್ಣು ಹಾಕಿದರು. ಅಮ್ಮನವರೂ ಹಾಕಿದರು. ಹೆಂಗಸು ಮಣ್ಣು ಕೊಡುವುದನ್ನು ನೋಡಿ ಅವರಲ್ಲಿ ಮುದುಕನೊಬ್ಬ ಬೇರೆ ಕಡೆ ಮುಖ ತಿರುಗಿಸಿದ.

ಆಂಬುಲೆನ್ಸ್ ಬಂದದ್ದು ಆಗ. ಡ್ರೈವರ್ ಜಾಲಿ ಮುಳ್ಳು ಸರಿಸಿಕೊಂಡು ಬಂದು ನಿಂತ.

“ಕೇರಳಕ್ಕ ಹೋಗೋ ಬಾಡಿ ಎಲ್ಲೈತ್ರಿ?”

ಮಾಸ್ತರರು ನಮ್ಮವರ ಹಿಂದೆ ಸರಿದರು. “ಇಲ್ಲೈತಿ ನೋಡಪಾ” ಎಂದು ನಾನು ಮಣ್ಣಿನ ಗುಡ್ಡೆ ತೋರಿಸಿದೆ. “ಬೇಕಾದ್ರ ಪೆಟಿಗಿ ಒಯ್ಯಿ. ಹೊಸಾದ ಐತಿ.”

ಅವನು ಫೋನು ಹಚ್ಚಿ ಸುದ್ದಿ ಹೇಳಿದ. ಆ ಕಡೆಯಿಂದ ಅಣ್ಣನ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿ ಬಂತು. ಡ್ರೈವರ್ ಅಮ್ಮನವರಿಗೆ ಫೋನು ಕೊಟ್ಟ. ಅವರು ಕೇಳಿಸಿಕೊಂಡು, ತಮ್ಮ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿ ತಿರುಗಿ ಕೊಟ್ಟರು.

“ಏನಂದ್ರಿ?” ಎಂದೆ.

“ಬನ್ನಿ, ಊಟಕ್ಕೆ ವ್ಯವಸ್ಥೆ ಇದೆ ಅಂದೆ.”

ಎರಡು ದಿನ ಬಿಟ್ಟು ಅಣ್ಣ ಬಂದ. ಖಾಲಾ ಕಳಿಸಿದ ಖಿಚಡಿ ಉಂಡ. ಸಮಾಧಿಯ ಹತ್ತಿರ ನಿಂತು ಇದೇಕೆ ಅಡ್ಡ ಇದೆ ಎಂದು ಕೇಳಿದ. ತಮ್ಮನನ್ನು ತೆಗೆದು ಒಯ್ಯಲು ಸರಕಾರದ ಪರವಾನಗಿ ಬೇಕೇ ಎಂದು ಮಾಸ್ತರರನ್ನು ವಿಚಾರಿಸಿದ. ಆಮೇಲೆ ಆ ಮಾತು ಬಿಟ್ಟು ಅಮ್ಮನವರಿಗೆ ಟ್ರಂಕು ಕಟ್ಟಲು ಹೇಳಿದ. ಅವರು ಕಟ್ಟಲಿಲ್ಲ. ಬಾಗಿಲಲ್ಲಿ ಕೂತ ಖಾಲಾ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡಬಾರದು ಎಂದು ಅವನಿಗೆ ತನ್ನ ಧರ್ಮದ ಕಾನೂನು ಓದಿ ಹೇಳಿದಳು. ನಾವು ಕ್ರೈಸ್ತರು ಎಂದು ಆತ, ಗಂಡ ಗಂಡನೇ ಎಂದು ಈಕೆ. ಆತನಿಗೆ ಕನ್ನಡ ಬಾರದು, ಈಕೆಗೆ ಅವನ ಭಾಷೆ ಬಾರದು. ಇಬ್ಬರೂ ಮುರುಕು ಹಿಂದಿಯಲ್ಲಿ ಜಗಳಾಡಿ ನನ್ನ ತಲೆ ತಿಂದರು. ಕಡೆಗೆ ಅವನೊಬ್ಬನೇ ಬಸ್ಸು ಹತ್ತಿದ.

ಈಗಲೂ ಭಾನುವಾರ ಭಾನುವಾರ ಫೋನು ಮಾಡುತ್ತಾನೆ, ಯಾವಾಗ ಬರುತ್ತೀ ಎಂದು. ಅಮ್ಮನವರು ನೋಡೋಣ ಎನ್ನುತ್ತಾರೆ. ಬರುವುದಿಲ್ಲ ಎಂದು ನೆಟ್ಟಗೆ ಹೇಳಿಬಿಡ್ರಿ, ಅವನಿಗೂ ನೆಮ್ಮದಿ, ನಮಗೂ ನೆಮ್ಮದಿ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಪಾಪ, ಅವರಿಗೆ ನೋವಾಗುತ್ತದೆ ಅಜ್ಜಿ ಎನ್ನುತ್ತಾರೆ. ಕುಣಿಯ ಬಾಯಲ್ಲಿ ನಿಂತು ಪೆಟ್ಟಿಗೆ ಬೇಡ ಎಂದವರಿಗೆ ಫೋನಿನಲ್ಲಿ ಬರುವುದಿಲ್ಲ ಎನ್ನಲು ಆಗುವುದಿಲ್ಲ. ಇಂಥವರ ಸಂಗಡ ನಾನು ಇನ್ನೆಷ್ಟು ದಿನ ಬಾಳುವೆ ಮಾಡಬೇಕೋ.